ತಂಗಳು ನೆರಳು

ಕಯಾನಿಯಲ್ಲಿ ನವೆಂಬರ್ ಬಂತೆಂದರೆ
ಮೂರು ಗಂಟೆಗೇ ಬೀದಿದೀಪ.
ಹೊರಗೆ ಬೇಕಾದಷ್ಟು ಕತ್ತಲೆ, ಪುಕ್ಕಟೆ.
ಒಳಗೆ, ಸೈಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿ,
ನಾವು ಐದು ಜನ
ಅದನ್ನೇ ಗುಂಜಿ ಲೆಕ್ಕದಲ್ಲಿ ತೂಗುತ್ತಿದ್ದೆವು.

ಆಟದಲ್ಲೊಂದು ಕ್ಷಯರೋಗದ ಆಸ್ಪತ್ರೆ,
ಆಸ್ಪತ್ರೆಗೊಂದು ಉದ್ದನೆಯ ಕಾರಿಡಾರು,
ಕಾರಿಡಾರಿಗೆ ಹನ್ನೆರಡು ಬಲ್ಬು,
ಗಾಳಿಗೆ ತೂಗುವಂಥವು.
ನೋಡಲು ಸೊಗಸು. ಆಡಿದರೆ ಮಾತ್ರ
ಚಿತ್ರ ತೊದಲುತ್ತಿತ್ತು.
ಬಾಗಿಲ ಸಂದಿಯಿಂದ ಚಾಚಿದ ಕೈ
ಅರ್ಧಕ್ಕೆ ನಿಂತು, ಮತ್ತೆ ಜಿಗಿದು,
ಹೆದರಬೇಕಾದವರು ನಗುತ್ತಿದ್ದರು.

ಸೈಮಿ ನಮ್ಮ ದೀಪದವಳು. ಹಲಗೆಯ ಮೇಲೆ ಬರೆದಳು:
ಒಂದು ಚಿತ್ರಕ್ಕೆ ಸಿಗುವ ಸಮಯ
ಹದಿನಾರು ಮಿಲಿಸೆಕೆಂಡು, ಮೇಲೊಂದಿಷ್ಟು ಚಿಲ್ಲರೆ.
ಅದರಲ್ಲಿ ಹನ್ನೊಂದನ್ನು ನೆರಳೇ ತಿನ್ನುತ್ತಿದೆ.
"ಬೆಳಕು ಅಗ್ಗ ಕಣ್ರೋ," ಅಂದಳು,
"ಸುರಿದರೆ ಸಾಕು, ಬಿದ್ದುಕೊಂಡಿರುತ್ತದೆ.
ನೆರಳು ಹಾಗಲ್ಲ. ಒಂದೊಂದು ಬಲ್ಬೂ
ಆರು ದಿಕ್ಕಿಗೆ ಕತ್ತು ತಿರುಗಿಸಿ
ಯಾರು ಅಡ್ಡ ನಿಂತಿದ್ದಾರೆಂದು ಕೇಳಬೇಕು,
ಸೆಕೆಂಡಿಗೆ ಅರವತ್ತು ಸಲ.
ತನಗೆ ಕಾಣದ್ದು ಎಲ್ಲಿದೆ ಅಂತ
ದೀಪವೇ ಹುಡುಕಬೇಕು."

ಹನ್ನೊಂದು ಬಲ್ಬುಗಳ ಕತ್ತು ಕಟ್ಟಿದೆವು,
ಒಂದನ್ನು ಮಾತ್ರ ತೂಗಲು ಬಿಟ್ಟೆವು.
ಅಲ್ಲಾಡದ ಬಲ್ಬು, ಅಲ್ಲಾಡದ ಮಂಚ:
ಅವುಗಳ ನೆರಳನ್ನು ರಾತ್ರಿಯಿಡೀ ಬೇಯಿಸಿ
ಗೋಡೆಗೇ ಮೆತ್ತಿಬಿಡುವುದು.
ಆಮೇಲೆ ಯಾರೂ ಲೆಕ್ಕ ಹಾಕಬೇಕಿಲ್ಲ.
ತಂಗಳು ನೆರಳು. ಬಿಸಿ ಮಾಡದೆ ಬಡಿಸಬಹುದು.
ಯಂತ್ರ ಒಂಬತ್ತು ತಾಸು ಗುರುಗುಟ್ಟಿತು,
ಅದರ ಶಾಖಕ್ಕೆ ನನ್ನ ಒದ್ದೆ ಕೈಗವಸು ಒಣಗಿತು.

ನನ್ನ ಕೆಲಸ ಸಾಮಾನು: ಮಂಚ, ಬೋಗುಣಿ, ಗಾಲಿಬಂಡಿ.
ಏಳನೆಯ ಕೋಣೆಯೆದುರು
ಒಂದು ಮರದ ಕುರ್ಚಿ ಇಟ್ಟಿದ್ದೆ,
ಒಂದು ಕಾಲು ತುಸು ಗಿಡ್ಡ.
ದಾರಿಗೆ ಅಡ್ಡ ಅಂತ ಮಾರನೆಯ ದಿನ ಅಳಿಸಿದೆ.
ಸೈಮಿಗೆ ಹೇಳಲು ಮರೆತೆ.

ಶುಕ್ರವಾರ ಆಡಿನೋಡಲು ಬಂದವನು ತೌನೊ,
ಮುಚ್ಚಿಹೋದ ಕಾಗದದ ಗಿರಣಿಯಲ್ಲಿ
ಇಪ್ಪತ್ತಾರು ವರ್ಷ ರಾತ್ರಿಪಾಳಿಯ ಕಾವಲಿದ್ದವನು.
ಗಂಟೆಗಿಷ್ಟು ಎಂದು ದುಡ್ಡು, ಜೊತೆಗೆ ಕಾಫಿ.
ಅವನಿಗೆ ಯಾವುದೂ ತಾಗಲಿಲ್ಲ.
ಸಂದಿಯ ಕೈಗೆ "ಬಾಗಿಲು ಹಾಕ್ಕೊಳ್ಳಮ್ಮ" ಅಂದ.
ಕಿರುಚಿದ ದಾದಿಯನ್ನು ದಾಟಿ ನಡೆದ,
ಬೀಗ ಎಳೆದು ನೋಡುವವನ ನಡಿಗೆಯಲ್ಲಿ.
ಚಿತ್ರ ಈಗ ಎಣ್ಣೆಯ ಹಾಗೆ ಜಾರುತ್ತಿತ್ತು.

ಏಳನೆಯ ಕೋಣೆಯೆದುರು ನಿಂತ.

ಗೋಡೆಯ ಮೇಲೆ ಕುರ್ಚಿಯ ನೆರಳು.
ನೆಲದ ಮೇಲೆ ಕುರ್ಚಿ ಇಲ್ಲ.

ಅವನು ಹಿಂದೆ ತಿರುಗಿ ನೋಡಿದ, ಆಟದೊಳಗೆ,
ಆಮೇಲೆ ನಮ್ಮ ಕೋಣೆಯೊಳಗೂ.
ಕಂಟ್ರೋಲರನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.
"ಇಲ್ಲಿ ಯಾರು ಕೂತಿದ್ದರು?"

ನಾನು ಬಾಯಿ ತೆರೆದೆ: ಅದು ತಪ್ಪು, ನನ್ನದೇ ತಪ್ಪು,
ಇವತ್ತೇ ಸರಿಮಾಡುತ್ತೇವೆ ಅನ್ನಲು.
ಸೈಮಿ ಮೇಜಿನ ಕೆಳಗೆ ನನ್ನ ಕಾಲು ತುಳಿದಳು.

ತೌನೊ ಕಾಫಿ ಮುಗಿಸಲಿಲ್ಲ.
ಹೊರಡುವಾಗ, ಟೋಪಿಯನ್ನು ಕೈಯಲ್ಲೇ ತಿರುಗಿಸುತ್ತ, ಹೇಳಿದ:
ಗಿರಣಿಯ ಯಂತ್ರಗಳನ್ನು ಬಿಚ್ಚಿ ಲಾರಿಗೆ ತುಂಬಿದ ಮೇಲೂ
ಆರು ವಾರ ಅವನ ಕಾವಲಿತ್ತು.
ನೆಲದಲ್ಲಿ ಅವುಗಳ ಆಕಾರ ಉಳಿದಿತ್ತಂತೆ,
ಸಿಮೆಂಟು ಅಲ್ಲಿ ಮಾತ್ರ ಬೆಳ್ಳಗೆ.
"ಟಾರ್ಚು ಹಿಡಿದು ಸುತ್ತುವಾಗ
ನಾನದನ್ನು ತುಳಿಯುತ್ತಿರಲಿಲ್ಲ.
ಬಳಸಿಕೊಂಡು ಹೋಗುತ್ತಿದ್ದೆ."

ಮೆಟ್ಟಿಲ ಸದ್ದು ನಿಂತ ಮೇಲೆ
ಸೈಮಿ ಎದ್ದು ಹೋಗಿ ಹಲಗೆಯ ಮೇಲೆ
'ಕುರ್ಚಿ' ಎಂದು ಬರೆದಳು,
ಎದುರಿಗೆ, ಖರ್ಚಿನ ಸಾಲಿನಲ್ಲಿ, ಸೊನ್ನೆ.
ಯಾರೂ ಮಾತಾಡಲಿಲ್ಲ.

ಕೊನೆಗೆ ಹೊರಟವನು ನಾನು.
ಬೀಗ ಹಾಕಿದೆ.
ದೀಪ ಆರಿಸಲಿಲ್ಲ.